ಗಾಲಿಯ ಕೆನೆಬಣ್ಣ

ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಸಾಕು, ಈಗಲೂ ನನ್ನ ಮನಸ್ಸು ಬಂಗಾಳಿ ಸೀಮೆಯ ಡಮ್ ಡಮ್‌ನ ಆ ತಗಡಿನ ಶೆಡ್ಡಿಗೆ ಓಡುತ್ತದೆ. ಧಾರವಾಡದ ಕಡೆಯಿಂದ ಬಂದ ಅಪ್ಪ ಅಲ್ಲಿ ಹಳೆಯ ಟ್ರ್ಯಾಕ್ಟರು, ನೇಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದ. ಬಣ್ಣ ಕಲಸಿ ಹೊಂದಿಸುವವಳು ಅವ್ವ. ಶೆಡ್ಡಿನ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ, ಹೀಗಾಗಿ ಒಗ್ಗರಣೆಗೂ ಥಿನ್ನರಿಗೂ ಒಂದೇ ಕಿಟಕಿ. ಬಾರಾಸತ್ ಕಡೆಯ ರೈತರು ಬಣ್ಣದ ಮಾದರಿಗೆಂದು ಟ್ರ್ಯಾಕ್ಟರಿನ ಟೂಲ್‌ಬಾಕ್ಸಿನ ಮುಚ್ಚಳವನ್ನು ಹೆಗಲಿನ ಗಮ್ಛಾದಲ್ಲಿ ಸುತ್ತಿಕೊಂಡು ಲೋಕಲ್ ಟ್ರೇನಿನಲ್ಲಿ ಬರುತ್ತಿದ್ದರು. ಅವ್ವ ಅದನ್ನು ಮಗುಚಿ, ಬಿಸಿಲು ಕಾಣದ ಒಳಮೈ ನೋಡಿ ಬಣ್ಣ ಕಲಸುವಳು. ಹಸಿ ಬಣ್ಣವನ್ನು ಅವಳು ನಂಬುತ್ತಿರಲಿಲ್ಲ. ಬೀದಿ ಕಡೆಯ ಗೋಡೆಗೆ ಒಂದು ಪಟ್ಟೆ ಎಳೆದು, ಬಿಸಿಲಿಗೆ ಒಣಗಿದ ಮೇಲೇ ಹೂಂ ಅನ್ನುತ್ತಿದ್ದಳು. ಕೆಂಪು, ನೀಲಿ, ಹಸಿರು ಪಟ್ಟೆಗಳಿಂದ ಆ ಗೋಡೆ ತುಂಬಿಹೋಗಿತ್ತು. ಕಳೆದುಹೋದ ಇಂಥದೊಂದು ಗೋಡೆ ನಿಮಗೂ ಇದ್ದೀತು.

ಸಾಲ್ಟ್ ಲೇಕಿನಲ್ಲಿ ಐಟಿ ಕಂಪನಿಗಳು ಏಳುತ್ತಿದ್ದ ಕಾಲ. ನಮ್ಮೆದುರಿಗೂ ಫ್ಲ್ಯಾಟುಗಳು ಎದ್ದವು. ಅಲ್ಲಿಯವರಿಗೆ ನಮ್ಮ ಗೋಡೆ ಹೊಲಸಾಗಿ ಕಂಡಿತು. ಶೆಡ್ಡಿನ ಮಾಲೀಕ ಬಂದು, ದಸರೆಯ ಪೂಜೋಗೆ ಮುಂಚೆ ಅದಕ್ಕೆ ಕ್ರೀಮ್ ಬಣ್ಣ ಬಳಿಯಿರಿ, ಇಲ್ಲ ಜಾಗ ಬಿಡಿ ಎಂದ. ಅಪ್ಪನ ಮುಖ ಇಳಿಯಿತು. ಅವ್ವ ಸೆರಗು ಸಿಕ್ಕಿಸಿ ಎದ್ದಳು.

"ನಮ್ಮ ಗ್ವಾಡಿ ಇವರ ಕಣ್ಣಾಗ ಚುಚ್ಚತೈತಂತ? ಬಳೀತೀವಿ ಅಂತ ಹೇಳ್ರಿ. ಆದ್ರ ಬಣ್ಣ ನಾನ ಕಲಸಾಕಿ."

ಅವಳು ಕಲಸಿದ್ದು ಏನಂತೀರಿ? ಟ್ರ್ಯಾಕ್ಟರಿನ ಗಾಲಿಗೆ ಹೊಡೆಯುವ ಕೆನೆಬಣ್ಣ! ಫ್ಲ್ಯಾಟಿನ ಸೆಕ್ರೆಟರಿ ನಿಂತು ನೋಡಿ, "ಬಾಹ್, ಖೂಬ್ ಶುಂದೊರ್!" ಎಂದು ಮೆಚ್ಚಿ, ತಮ್ಮ ಕಾಂಪೌಂಡಿಗೂ ಅದನ್ನೇ ಕಲಸಿಕೊಡಲು ಕೇಳಿದರು. ಅವ್ವ ಕೊಟ್ಟಳು. ಒಳಗೆ ಬಂದು ನಕ್ಕದ್ದೇ ನಕ್ಕದ್ದು.

ಪೂಜೋ ಮುಗಿದ ಕೂಡಲೇ ಒಬ್ಬ ರೈತನ ಮಡ್‌ಗಾರ್ಡ್ ಬಂತು. ಅಪ್ಪ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವ್ವ ಹೊಸ ಗೋಡೆಯ ನಟ್ಟನಡುವೆ ಕೆಂಪು ಪಟ್ಟೆ ಎಳೆದಳು. "ಒಣಗದ ಹೆಂಗ ಗೊತ್ತಾಗಬೇಕು?"

ಮಾಲೀಕ ನಮ್ಮನ್ನು ಎಬ್ಬಿಸಿಯೇಬಿಟ್ಟ. ಶೆಡ್ಡು ಉರುಳಿ ಪಾರ್ಕಿಂಗ್ ಆಯಿತು. ಅಪ್ಪನಿಗೆ ಬೇರೆಲ್ಲೂ ಕೆಲಸ ಕೈ ಹತ್ತಲಿಲ್ಲ. ಅವ್ವನ ಹಟವೇ ಮನೆ ತೆಗೆಯಿತು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ. ನಾನಾಗಿದ್ದರೂ ಆ ಪಟ್ಟೆ ಎಳೆಯುತ್ತಿದ್ದೆ.

ಈಗ ಇಬ್ಬರೂ ಇಲ್ಲ. ಹೋದ ಚಳಿಗಾಲ ಆ ಬೀದಿಗೆ ಹೋದಾಗ ಅದೇ ವಾಸನೆ. ಫ್ಲ್ಯಾಟಿನ ಕಾಂಪೌಂಡಿಗೆ ಹೊಸದಾಗಿ ಬಣ್ಣ ಹೊಡೆಯುತ್ತಿದ್ದರು. ಗೋಡೆಯಿಂದ ಕೆತ್ತಿದ, ಅವ್ವ ಕಲಸಿದ ಕೆನೆಬಣ್ಣದ ಚಕ್ಕೆಯನ್ನು ಪೇಂಟರ್ ಡಬ್ಬಿಯ ಪಕ್ಕ ಹಿಡಿದಿದ್ದ. "ಸೇಮ್ ಚಾಹಿಯೇ, ಬಿಲ್ಕುಲ್ ಸೇಮ್," ಎಂದು ಯಾರೋ ಹೊಸ ಸೆಕ್ರೆಟರಿ ರೇಗುತ್ತಿದ್ದರು. ಅಯ್ಯೋ ಅವ್ವಾ, ನೀನು ಇರಬೇಕಿತ್ತು!

"ಥೋಡಾ ಪೀಲಾ ಡಾಲೋ," ಎಂದೆ. ಪೇಂಟರ್ ಹಳದಿ ಬೆರೆಸಿ ಒಂದು ಪಟ್ಟೆ ಎಳೆದು, ಸರಿಯೇ ಎಂಬಂತೆ ನನ್ನತ್ತ ನೋಡಿದ.

"ಸೂಖ್‌ನೇ ದೋ," ಎಂದು ಗದರಿಸಿ, ಪಾರ್ಕಿಂಗಿನಲ್ಲಿ ನಮ್ಮ ಒಲೆ ಇದ್ದ ಜಾಗದಲ್ಲಿ, ಅದು ಒಣಗುವವರೆಗೂ ಬಿಸಿಲಿಗೆ ಕೂತೆ.