ಬಸ್ಸು ನುಗ್ಗದ ಓಣಿ

ಊರಿನ ರಸ್ತೆಗಳೆಲ್ಲ ತನ್ನ ಅಂಗೈ ಮೇಲಿವೆ ಎಂದು ಡ್ರೈವರಣ್ಣ ಕೊಚ್ಚಿಕೊಳ್ಳುತ್ತಿದ್ದುದು ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಎಲ್ಲಿ ಗುಂಡಿ, ಎಲ್ಲಿ ಉಬ್ಬು, ಯಾವ ಸ್ಟಾಪಿನಲ್ಲಿ ಯಾರು ಏದುಸಿರು ಬಿಡುತ್ತ ಹತ್ತುತ್ತಾರೆ ಎಲ್ಲವೂ ಬಾಯಿಪಾಠ. ಆದರೆ ಬಸ್ಸು ಹೋಗದ ಕಡೆ ಅವನೂ ಹೋದವನಲ್ಲ. ನಿವೃತ್ತಿಯಾದ ಮೇಲೆ ಕಾಲ್ನಡಿಗೆಯಲ್ಲಿ ಹೊರಟರೂ ಅದೇ ಹಳೇ ರೂಟು. ತಿರುವು ಬಂದರೆ ಹಿಂದೆ ಇಡೀ ಬಸ್ಸು ಬರುತ್ತಿದೆಯೇನೋ ಎಂಬಂತೆ ದೊಡ್ಡದಾಗಿ ಸುತ್ತು ಹಾಕುವುದು, ಸ್ಟಾಪು ಕಂಡಲ್ಲೆಲ್ಲ ಒಂದು ಗಳಿಗೆ ನಿಲ್ಲುವುದು. ನೋಡಿದವರು ಮುಸಿಮುಸಿ ನಕ್ಕರು. ಅವನು ಮುಖ ಗಂಟಿಕ್ಕಿಕೊಂಡು ವಾಕಿಂಗನ್ನೇ ಬಿಟ್ಟ.

ಆಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಗತಿಯಾಯಿತು. ಹೊರಗೆ ಬಸ್ಸು ಹೋದಾಗಲೆಲ್ಲ ಈಗಿನ ಹುಡುಗರಿಗೆ ಗೇರು ಹಾಕಲು ಬರುವುದಿಲ್ಲ ಎಂದು ಗೊಣಗುವುದು, ಉಳಿದ ಹೊತ್ತು ತುಟಿ ಬಿಚ್ಚದೆ ಕೂರುವುದು. ಊಟವೂ ಅರ್ಧಕ್ಕರ್ಧ ಇಳಿಯಿತು. ಒಳಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ ಆಗಾಗ ಯಂತ್ರ ನಿಲ್ಲಿಸಿ ಅವನ ಕಡೆ ಇಣುಕುತ್ತಿದ್ದಳು. ಡಿಪೋದ ಹಳೇ ಮೆಕ್ಯಾನಿಕ್ ಹೀಗೇ ಕೂತು ಕೂತು ವರ್ಷ ತುಂಬುವುದರೊಳಗೆ ಹೋಗಿಬಿಟ್ಟಿದ್ದ. ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು.

“ನೀವು ಹಿಂಗೇ ಕೂತಿದ್ರೆ ನನ್ನ ಕೈ ಬಿಟ್ಟು ಹೋಗ್ತೀರಿ. ನನಗೆ ಹೆದರಿಕೆ ಆಗುತ್ತೆ ರೀ.”

ಅವನಿಗೂ ಹೆದರಿಕೆಯಿತ್ತು.

ಅಷ್ಟರಲ್ಲಿ ಅವಳ ಕಾಲು ಉಳುಕಿತು. ಹೊಲಿದಿಟ್ಟ ಬಟ್ಟೆ ಅಂದೇ ಡಿಪೋ ಆಚೆಗಿನ ನರ್ಸಮ್ಮನ ಮನೆ ಮುಟ್ಟಬೇಕಿತ್ತು. ಡಿಪೋ ಗೋಡೆಯ ಪಕ್ಕದ ಓಣಿಯಲ್ಲಿ ಹೋಗಿ ಕೊಟ್ಟು ಬನ್ನಿ ಎಂದಳು. ಅಲ್ಲಿ ಓಣಿಯೇ ಇಲ್ಲ ಎಂದು ಅವನು ಪಟ್ಟು ಹಿಡಿದ. ಇಷ್ಟು ವರ್ಷ ನಿಮ್ಮ ಊಟದ ಡಬ್ಬಿ ಹೊತ್ತು ಡಿಪೋಗೆ ಹಾರಿಕೊಂಡು ಬರುತ್ತಿದ್ದೆನಾ ಎಂದು ಅವಳು ಕೇಳಿದಳು. ಅವನಿಗೆ ಊಟ ಬಿಸಿಬಿಸಿಯಾಗಿ ಬರುತ್ತಿದ್ದುದು ನೆನಪಿತ್ತು. ಯಾವ ದಾರಿಯಲ್ಲಿ ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಓಣಿ ಇತ್ತು. ದಿನಾ ಬಸ್ಸು ತಿರುಗಿಸುವಾಗ ಕನ್ನಡಿಯಲ್ಲಿ ಕಾಣುತ್ತಿದ್ದ ಗೋಡೆಯ ಬೆನ್ನಿಗೇ, ಇಬ್ಬರು ಜೊತೆಗೆ ನಡೆದರೆ ಭುಜ ತಾಗುವಷ್ಟು ಕಿರಿದಾಗಿ ಹೊರಟಿತ್ತು. ಮೊದಲ ಬಾಗಿಲಲ್ಲೇ ಒಬ್ಬ ನಗ್ಗಿದ ಕಹಳೆಯನ್ನು ತೊಡೆ ಮೇಲಿಟ್ಟುಕೊಂಡು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಮಾಡುತ್ತಿದ್ದ. ಆಚೆ ಇಸ್ತ್ರಿ ಅಂಗಡಿಯ ಬಿಸಿ ಗಾಳಿ. ಅದರಾಚೆ ಕುರ್ಚಿಗೆ ಬೆತ್ತ ಹೆಣೆಯುವ ಅಜ್ಜಿ. ಅವನ ಕೈಲಿದ್ದ ಹೆಂಡತಿಯ ಬಟ್ಟೆ ಚೀಲ ನೋಡಿದ್ದೇ ಅಜ್ಜಿ ಗುರುತು ಹಿಡಿದಳು.

“ಟೈಲರಕ್ಕನ ಯಜಮಾನ್ರಲ್ವಾ? ನಿಮ್ಮ ವಿಷಯ ಎಲ್ಲಾ ಗೊತ್ತು. ಬನ್ನಿ, ಕೂತ್ಕೊಳ್ಳಿ.”

ಓಡಿ ಬರುವವರನ್ನು ಬಿಟ್ಟು ನಮ್ಮನೆಯವರು ಬಸ್ಸು ಎತ್ತುವುದಿಲ್ಲ ಎಂದು ಹೆಂಡತಿ ಓಣಿಯುದ್ದಕ್ಕೂ ಹೇಳಿಕೊಂಡು ತಿರುಗಿದ್ದಳಂತೆ. ಮನೆಯಲ್ಲಿ ಅಪ್ಪಿತಪ್ಪಿಯೂ ಹೊಗಳಿದವಳಲ್ಲ. ಊರಿಗೆಲ್ಲ ಡ್ರೈವರಣ್ಣನಾದವನು ಇಲ್ಲಿ ಟೈಲರಕ್ಕನ ಗಂಡ. ಮೊದಲು ಮುಜುಗರವಾಯಿತು, ಆಮೇಲೆ ಯಾಕೋ ಖುಷಿಯೋ ಖುಷಿ. ನರ್ಸಮ್ಮನಿಗೆ ಬಟ್ಟೆ ಕೊಟ್ಟು ವಾಪಸು ಬರುವಾಗ ಕಹಳೆಯವನು ಊದಿ ನೋಡಿ ಎಂದ. ಇವನು ಊದಿದ್ದು ಥೇಟು ಬಸ್ಸಿನ ಹಾರನ್ನು. ಓಣಿಯೆಲ್ಲ ನಕ್ಕಿತು, ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೋದವರು ಬರಲಿಲ್ಲವಲ್ಲ ಎಂದು ಮನೆಯಲ್ಲಿ ಹೆಂಡತಿ ಜೀವ ಕೈಯಲ್ಲಿ ಹಿಡಿದುಕೊಂಡು ಒಂಟಿಕಾಲಲ್ಲಿ ಬಾಗಿಲಿಗೆ ಆತು ನಿಂತಿದ್ದಳು. ಅವನು ಬಂದ. ತೋಳಿನ ತುಂಬ ಓಣಿಯವರು ಹೊರಿಸಿದ್ದ ಹರಿದ ಪ್ಯಾಂಟು, ಗುಂಡಿ ಕಿತ್ತ ಅಂಗಿ. ಹಸಿವು ಎಂದವನೇ ತಾನಾಗಿ ಬಡಿಸಿಕೊಂಡ, ಸಾಲದೆ ಇನ್ನೊಂದು ಸಲ ಬಡಿಸಿಕೊಂಡ. ಬಾಯಿಗೆ ಬಿಡುವೇ ಇಲ್ಲ, ಅನ್ನಕ್ಕೂ ಮಾತಿಗೂ ನೂಕುನುಗ್ಗಲು. ಅಜ್ಜಿಯ ಮನೆ ಪಕ್ಕದ ಕವಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಅವನ ಊಟ ಆರಿಹೋಗುತ್ತದೆಂದು ಅವಳು ಯಾವತ್ತೂ ಆ ಕಡೆ ತಿರುಗಿದವಳೇ ಅಲ್ಲ. ನಾಳೆ ನೋಡಿ ಬಂದು ನನಗೂ ಹೇಳಿ ಎಂದಳು.

ಅವನು ಕೈ ತೊಳೆದು ಬಂದು ಅವಳ ಊದಿದ ಕಾಲನ್ನು ತನ್ನ ತೊಡೆ ಮೇಲೆ ಎತ್ತಿಟ್ಟುಕೊಂಡ.

“ಬೇರೆ ಓಣಿ ಬೇಕಾದ್ರೆ ನೋಡ್ತೀನಿ. ಆ ಕವಲೊಂದನ್ನ ಹಾಗೇ ಬಿಟ್ಟಿರ್ತೀನಿ. ನಿನ್ನ ಕಾಲು ವಾಸಿಯಾಗ್ಲಿ, ಇಬ್ರೂ ಹೋಗೋಣ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ನಾಳೆ ಕುಂಟ್ಕೊಂಡೇ ಬಂದ್ರೆ ಆಗಲ್ವಾ?” ಎಂದಳು.