ಹಗ್ಗ ಹಿಡಿದು ಕೂತ ವೈನಿ

ಬಚ್ಚಲಲ್ಲಿ ಜಾರಿಬಿದ್ದು ಕೈ ನೋಯಿಸಿಕೊಂಡಿದ್ದೆ. ಮೊನ್ನೆ ಮಗಳು ಜಲನಗರದ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದಳು. ಅಲ್ಲಿನ ಹುಡುಗಿ ನನ್ನ ಬಳೆ ಬಿಚ್ಚಿಸಿ ಒಂದು ಬಟ್ಟಲಿಗೆ ಹಾಕಿದಳು. ಗೋಡೆಯ ಮೇಲೆ ಕೆಂಪು ಗುಂಡಿಯೊಂದಿತ್ತು. ಅದೇನೆಂದು ಕೇಳಿದೆ.

"ಏನರ ಹೆಚ್ಚುಕಮ್ಮಿ ಆದ್ರ ಅದನ್ನ ಒತ್ತೂದ್ರಿ ಅಜ್ಜಿ. ಮಷೀನಿನ ಕರೆಂಟ್ ಬಂದ್ ಆಗ್ತೈತಿ."

ಬಟ್ಟಲಿಗೆ ಬಿದ್ದ ಬಳೆಗಳ ಸದ್ದಿಗೆ ಆಗಲೇ ನನಗೆ ವೈನಿ ನೆನಪಾಗಿದ್ದರು...

ನಲವತ್ತರ ದಶಕದ ಮಾತು. ಇದೇ ಊರಿನ ಜೋರಾಪುರ ಪೇಟೆಯ ಡಾಕ್ಟರೊಬ್ಬರು ಸೊಲ್ಲಾಪುರದಿಂದ ಹಳೆಯ ಎಕ್ಸ್‌ರೇ ಯಂತ್ರ ತರಿಸಿ ಮನೆಯ ಮುಂಗೋಣೆಯಲ್ಲಿ ಹೂಡಿದ್ದರು. ಅವರ ಹೆಂಡತಿಯನ್ನು ಪೇಟೆಗೆ ಪೇಟೆಯೇ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿತ್ತು. ಯಂತ್ರಕ್ಕೆ ಮೇಲಿಂದ ಇಳಿದ ತಂತಿಗಳು ಬತ್ತಲೆ, ಹೊದಿಕೆ ಇಲ್ಲ. ಎಲುಬು ನೋಡಲು ಕೋಣೆ ಕತ್ತಲಾಗಬೇಕು. ಕರೆಂಟಿನ ಮೇನ್ ಸ್ವಿಚ್ಚೋ ಹೊರಗಿನ ಪಡಸಾಲೆಯಲ್ಲಿ. ಕತ್ತಲಲ್ಲಿ ಏನಾದರೂ ಆದರೆ ಅಲ್ಲಿಗೆ ಓಡುವವರು ಯಾರು? ವೈನಿ ಹಟ ಹಿಡಿದು ಸ್ವಿಚ್ಚಿನ ಹಿಡಿಗೆ ನೂಲಿನ ಹಗ್ಗ ಕಟ್ಟಿಸಿದ್ದರು, ಎಳೆದರೆ ಕರೆಂಟ್ ಬಂದ್. ತೊಟ್ಟಿಲ ಹಗ್ಗವನ್ನು ಅಡುಗೆಮನೆಯ ತನಕ ಬಿಡುತ್ತೇವಲ್ಲ, ಹಾಗೆ ಅದು ಕೋಣೆಯ ಬಾಗಿಲಿಗೆ ಬರುತ್ತಿತ್ತು. ಹಸಿ ಹಗ್ಗದಲ್ಲಿ ಕರೆಂಟ್ ಹರಿದೀತೆಂದು ಮಳೆಗಾಲದಲ್ಲಿ ಬಿಸಿಲು ಕಂಡ ದಿನವೆಲ್ಲ ಅದನ್ನು ಬಿಚ್ಚಿ ಒಣಗಿಸುತ್ತಿದ್ದರಂತೆ. ಯಂತ್ರ ಗುಂಯ್‌ಗುಡುವಷ್ಟು ಹೊತ್ತು ಹಗ್ಗದ ತುದಿ ಅವರ ಕೈಯಲ್ಲೇ.

"ಹಗ್ಗ ಹಿಡದ್ರ ಈಕಿ ನನಗೂ ಹ್ಞೂಂ ಅನ್ನೂದಿಲ್ರಿ," ಎಂದು ಡಾಕ್ಟರು ಬಂದವರ ಮುಂದೆ ಚೇಷ್ಟೆ ಮಾಡುತ್ತಿದ್ದರು. ವೈನಿ ಆಗಲೂ ಹ್ಞೂಂ ಅನ್ನುತ್ತಿರಲಿಲ್ಲ.

ನಮ್ಮದು ತಿಕೋಟಾ. ದಸರೆ ಮುಗಿದ ವಾರದಲ್ಲಿ ನಾನು ಬೇವಿನ ಗಿಡದಿಂದ ಬಿದ್ದು ಮೊಣಕೈ ಮುರಿದುಕೊಂಡೆ. ಅವ್ವ ಚಕ್ಕಡಿಯಲ್ಲಿ ಕರೆತಂದಳು. ಖಂಡೆ ಪೂಜೆಯಲ್ಲಿ ನಮ್ಮ ಮನೆಯ ಕುಡುಗೋಲು ಕೊಡಲಿಗಳಿಗೆ ಕುಂಕುಮ ಹಚ್ಚಿದಂತೆ, ಇಲ್ಲಿ ಯಂತ್ರಕ್ಕೂ ಹಚ್ಚಿದ್ದರು. ಬಾಡಿದ ಚೆಂಡುಹೂ ಇನ್ನೂ ಅದರ ಮೇಲಿತ್ತು. ಅವ್ವ ಅದನ್ನೇ ನೋಡುತ್ತ ನಿಂತಳು.

"ತಂಗೆವ್ವಾ, ಕೂಸಿನ ಕಾಲ ಹಿಡಕೊಂಡು ನಿಂದರು. ಬಳಿ ಸದ್ದ ಸೈತ ಆಗಬಾರದು. ಕತ್ತಲದಾಗ ನನಗ ಕಿವಿನಽ ಕಣ್ಣು," ಎಂದು ಹೇಳಿ ವೈನಿ ಬಾಗಿಲಲ್ಲಿ ಕೂತರು.

ದೀಪ ಆರಿತು. ಯಂತ್ರ ಗುಂಯ್‌ಗುಟ್ಟಿತು. ಜೀವ ಕೈಯಲ್ಲಿ ಹಿಡಿದು ಮಲಗಿದ್ದೆ. ಕಾಲ ಮೇಲಿದ್ದ ಅವ್ವನ ಒಂದು ಕೈ ಸರಿದಂತಾಯಿತು, ಬಳೆ ಗಲ್ ಎಂದವು. ಮರುಗಳಿಗೆಯಲ್ಲೇ ಹೊರಗೆ ಧಡ್ ಎಂದು ಸದ್ದು, ಯಂತ್ರ ಬಂದ್.

ಡಾಕ್ಟರು ಕಡ್ಡಿ ಗೀರಿದರು. ಅವ್ವನ ಕೈ ತಂತಿಯಿಂದ ಗೇಣು ದೂರದಲ್ಲಿತ್ತು.

"ದೇವರಂತ ಮುಟ್ಟಿ ನಮಸ್ಕಾರ ಮಾಡಾಕ ಹೋದ್ನಿರಿ... ಕುಂಕುಮ ಇತ್ತಲ್ರಿ," ಎಂದಳು ಅವ್ವ.

ಡಾಕ್ಟರು ರೇಗಿ ಬಾಯಿ ತೆರೆಯುವಷ್ಟರಲ್ಲಿ ವೈನಿ ನಡುವೆ ಬಂದರು. ಹಗ್ಗದ ತುದಿ ಇನ್ನೂ ಮುಷ್ಟಿಯಲ್ಲಿತ್ತು.

"ಆಕಿಗೇನೂ ಅನಬ್ಯಾಡ್ರಿ. ಕುಂಕುಮ ಹಚ್ಚಿದಾಕಿ ನಾನು. ಹಚ್ಚಿದ ಮ್ಯಾಲ ಯಾರರ ಮುಟ್ಟೂದಽ."

ಸೆರಗಿನಿಂದ ಯಂತ್ರದ ಕುಂಕುಮವನ್ನೆಲ್ಲ ತಾವೇ ಒರೆಸಿದರು. ಆಮೇಲೆ ಅವ್ವನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಕೂರಿಸಿದರು.

ಅಲ್ಲಿಂದ ಪ್ರತಿ ಸಂಕ್ರಾಂತಿಗೆ ಅವ್ವ ನನ್ನನ್ನೂ ಕರೆದುಕೊಂಡು ಕುಸುರೆಳ್ಳು ಕೊಡಲು ಹೋಗುತ್ತಿದ್ದಳು. ಯಂತ್ರದ ಮೇಲೆ ಮತ್ತೆಂದೂ ಕುಂಕುಮ ಕಾಣಲಿಲ್ಲ. ಅದು ಹಗ್ಗದ ತುದಿಗೆ ಬಂದಿತ್ತು. "ಮುಟ್ಟೂದಿದ್ರ ಇದನ್ನ ಮುಟ್ಟು ಬೇ," ಎಂದು ವೈನಿ ನಗುತ್ತಿದ್ದರು. ಅವ್ವ ನಿಜವಾಗಿಯೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ಸಂಕ್ರಾಂತಿಗೆ ಹೋದಾಗ ಬಾಗಿಲಿಗೆ ಬೀಗ. ವೈನಿ ಜ್ವರದಲ್ಲಿ ತೀರಿಕೊಂಡರು, ಡಾಕ್ಟರು ಊರು ಬಿಟ್ಟರು ಎಂದು ಪಕ್ಕದ ಮನೆಯವರು ಹೇಳಿದರು. ಅವ್ವ ಕುಸುರೆಳ್ಳನ್ನು ಹೊಸ್ತಿಲ ಮೇಲಿಟ್ಟು ಅಲ್ಲೇ ಕುಸಿದು ಅತ್ತಳು. ಅವ್ವ ಮುಂದೆ ಮುಪ್ಪಿನ ತನಕ ಬದುಕಿದಳು. ನನ್ನ ಬಾಣಂತನ, ನನ್ನ ಮಕ್ಕಳ ಮದುವೆ, ಎಲ್ಲವನ್ನೂ ಕಂಡೇ ಹೋದಳು...

ಸ್ಕ್ಯಾನ್ ಮುಗಿದು ಹೊರಬಂದಾಗ ಮಗಳು ಬಳೆ ತೊಡಿಸಿದಳು. ನಾನು ತಿರುಗಿ ಕೆಂಪು ಗುಂಡಿಯನ್ನು ನೋಡಿದೆ. ಒಳ್ಳೆಯ ವ್ಯವಸ್ಥೆ, ಇಲ್ಲವೆನ್ನುವುದಿಲ್ಲ. ಆದರೂ ಬಾಗಿಲ ಬಳಿ ಒಂದು ಗಳಿಗೆ ನಿಂತೆ, ನೋವಿಲ್ಲದ ಕೈ ಆಡಿಸಿದೆ. ಬಳೆ ಗಲ್ ಎಂದವು. ಯಾರೂ ಇತ್ತ ತಿರುಗಲಿಲ್ಲ.