ಎರಡು ದೇಶದ ಮಾತು ಹೊತ್ತ ರಜಿಯಾಬಿ

ಕುಬಿಹಾಳದ ಕಣದಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಒಣಹಾಕಿದ ಮೆಣಸಿನಕಾಯಿಯ ರಾಶಿಯ ಪಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತ ರಜಿಯಾಬಿ ಕಾಯಿಯ ತುಂಬು, ಅಂದರೆ ತೊಟ್ಟು ಬಿಡಿಸುತ್ತಿದ್ದಾರೆ. ಮಡಿಲಲ್ಲಿರುವ ಫೋನಿನಿಂದ ಮಸ್ಕತ್ತಿನ ವ್ಯಾಪಾರಿಯೊಬ್ಬರ ದನಿ ಕೇಳುತ್ತಿದೆ. ಕೈ ಒರೆಸಿಕೊಂಡು ಅವರು ಅರಬ್ಬಿಯಲ್ಲೇ ಉತ್ತರ ಹೇಳಿ ಕಳಿಸುತ್ತಾರೆ. ಬಾಜೂ ಕುಳಿತ ಹೆಂಗಸರು ತಲೆ ಎತ್ತುವುದಿಲ್ಲ. ಅವರಿಗೆ ಇದು ರೂಢಿ.

ಗಂಡ ತೀರಿಕೊಂಡಾಗ ರಜಿಯಾಬಿ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಮಸ್ಕತ್ತಿಗೆ ಮನೆಗೆಲಸಕ್ಕೆ ಹೋದರು. "ಮೊದಲ ಅವರು ಬೈದ್ರೂ ತಿಳೀತಿರಲಿಲ್ರಿ. ತಿಳಿಯಾಕ ಹತ್ತಿದ ಮ್ಯಾಲೆ ಭಾಳ ಅತ್ತೇನಿ," ಎನ್ನುತ್ತಾರೆ. ಹನ್ನೊಂದು ವರ್ಷದ ನಂತರ ಊರಿಗೆ ಮರಳಿದಾಗ ಆ ಭಾಷೆಯಿಂದ ಇಲ್ಲಿ ಏನೂ ಉಪಯೋಗವಿರಲಿಲ್ಲ. ಕೂಲಿಗೆ ಹೋದರು.

ಊರಿನ ರೈತರ ಸಂಘ ದಲ್ಲಾಳಿಗಳನ್ನು ಬಿಟ್ಟು ನೇರವಾಗಿ ಹೊರದೇಶಕ್ಕೆ ಮಾಲು ಮಾರಲು ಹೊರಟಾಗ ಅಧ್ಯಕ್ಷ ಕುಬೇರಪ್ಪನವರಿಗೆ ಇವರ ನೆನಪಾಯಿತು. ಮಸ್ಕತ್ತಿನಿಂದ ಕಾಯಿ ಕೊಳ್ಳಲು ಬಂದ ಹಾರೂನ್ ಸಾಹೇಬರಿಗೆ ಅರಬ್ಬಿ ಬಿಟ್ಟರೆ ಬೇರೆ ಮಾತು ಬಾರದು.

ಕಳೆದ ಸುಗ್ಗಿಯ ಮಾತುಕತೆಯನ್ನು ಊರು ಮರೆತಿಲ್ಲ. ತುಂಬು ಬಿಡಿಸಿದ ಕಾಯಿಯೇ ಬೇಕು, ಅದಕ್ಕೆ ಬೇರೆ ಕೂಲಿ ಕೊಡುವುದಿಲ್ಲ ಎಂದರು ಹಾರೂನ್. ಸೇರಿದ್ದ ರೈತರೆದುರು ಕುಬೇರಪ್ಪ ಎದ್ದು ನಿಂತರು. "ಪುಕ್ಕಟೆ ಒಂದು ತುಂಬೂ ಬಿಡಿಸಂಗಿಲ್ಲ. ಬೇಕಾದ್ರ ತಗೊಳ್ಲಿ, ಇಲ್ಲಂದ್ರ ಬಿಡ್ಲಿ." ಜೊತೆಗೆ ಬಂದಿದ್ದ ಪಾಲುದಾರರ ಮುಂದೆ ಹಾರೂನ್ ಕೂಡ ಬಗ್ಗಲಿಲ್ಲ. ಎದ್ದು ಕಾರಿನಲ್ಲಿ ಕುಳಿತುಬಿಟ್ಟರು. ವ್ಯಾಪಾರ ಮುರಿದರೆ ಸಂಘವೇ ಮುರಿಯುತ್ತಿತ್ತು.

ಮುಂದಿನದನ್ನು ನನಗೆ ಹೇಳಿದವರು ಸ್ವತಃ ಕುಬೇರಪ್ಪ. ಗೋದಾಮಿನ ಹಿಂದೆ ರಜಿಯಾಬಿಯನ್ನು ಕರೆದು, "ಅರ್ಧಾ ಕೂಲಿ ಕೊಟ್ಟರೂ ಸಾಕು, ಬಿಡಿಸಿ ಕೊಡ್ತೀವಂತ ಹೇಳವಾ. ಮಂದಿಗೆ ಗೊತ್ತಾಗೂದು ಬ್ಯಾಡ," ಎಂದರಂತೆ. ಆಕೆ ಕಾರಿನ ಹತ್ತಿರ ಹೋಗಿ ಸ್ವಲ್ಪ ಹೊತ್ತಿಗೆ ಮರಳಿದರು. ಪೂರ್ತಿ ಕೂಲಿಯನ್ನು ಹಾರೂನ್ ಅವರೇ ಕೊಡುತ್ತಾರೆ ಎಂದರು.

"ನಾ ಅಂದದ್ದು ಹೇಳಿದೇನು?" ಎಂದು ಕುಬೇರಪ್ಪ ಕೇಳಿದರು.

"ಹೇಳೂ ಪಾಳಿನ ಬರಲಿಲ್ಲ, ಕಾಕಾ."

ಸಂಜೆ ಕುಬೇರಪ್ಪ ನಾವು ಬಗ್ಗಲಿಲ್ಲ ಎಂದು ರೈತರಿಗೆ ಸಾರಿದರು. ಹಾರೂನ್ ತಾವು ಕೇಳಿದ ಮಾಲೇ ಸಿಕ್ಕಿತೆಂದು ಪಾಲುದಾರರ ಕೈ ಕುಲುಕಿದರು. ಮೂವತ್ತು ಹೆಂಗಸರಿಗೆ ಬೇಸಿಗೆಯವರೆಗೂ ಕೆಲಸವಾಯಿತು. ರಜಿಯಾಬಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಕಾರಿನಲ್ಲಿ ಹಾರೂನ್ ಏನೆಂದರು ಎಂದು ನಾನೂ ಕೇಳಿ ನೋಡಿದೆ.

"ಅದು ಅವರ ಮಾತ್ರಿ, ಅವರನ್ನ ಕೇಳ್ರಿ," ಎಂದರು ರಜಿಯಾಬಿ. "ಒಬ್ಬರ ಮಾತು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ರ ನನ್ನ ಮತ್ತ ಯಾರು ಕರೀತಿದ್ರು? ಇವತ್ತ ಎರಡೂ ಕಡೆಯವರು ನನ್ನ ನಂಬ್ತಾರ. ಅಷ್ಟು ಗಳಿಸೇನ್ರಿ."

ಈ ಸುಗ್ಗಿಗೂ ಹಾರೂನ್ ಬರುವವರಿದ್ದಾರೆ. ನಿಮಗೇನಾದರೂ ಬೇಕೆ ಎಂದು ಕೇಳಿದೆ.

"ಅವರಿಗೆಲ್ಲಾ ಕುರ್ಚಿ ಹಾಕ್ತಾರ್ರಿ. ನಡುವ ಮಾತಾಡಾಕಿ ನಾ ನಿಂತ ಇರ್ತೀನಿ. ಈ ಸಲ ನನಗೂ ಒಂದು ಹಾಕ್ರಿ ಅಂದೇನಿ."

ಹಾಕುತ್ತಾರೆಯೇ?

ಅವರು ಮತ್ತೊಂದು ಹಿಡಿ ಕಾಯಿ ಎಳೆದುಕೊಂಡರು. "ಹಾಕ್ತಾರ್ರಿ. ನಾ ಕುಂತ ಮ್ಯಾಲೇನ ಮಾತು ಶುರು ಆಗೂದು."